ಟ್ಯೂರಿನ್‌ನಿಂದ ಕನಕಪುರದ ಹಾದಿಗೆ

ಕನ್ನಡದ ಭಾರತಕಥೆಯನ್ನು ಬಲ್ಲವರಿಗೆ ಕರ್ಣನ ರಥದ ಗಾಲಿ ನೆಲದಲ್ಲಿ ಹೂತ ಪ್ರಸಂಗ ಮರೆಯುವಂಥದಲ್ಲ. ಶಲ್ಯನು ಸಾರಥ್ಯವನ್ನು ತೊರೆದು ಹೋಗಿದ್ದಾನೆ. ಗಾಲಿಯನ್ನೆತ್ತಲು ರಥಿಕನೇ ಕೆಳಗಿಳಿಯಬೇಕಾಗಿದೆ. ಆ ದುರಂತಕ್ಕೆ ಶಾಪ, ವಿಧಿ, ಜನ್ಮರಹಸ್ಯ ಎಂದು ನಾವು ಹಲವು ಕಾರಣಗಳನ್ನು ಎಣಿಸುತ್ತೇವೆ. ತೀರ ಲೌಕಿಕವಾದ ಇನ್ನೊಂದು ಕಾರಣವೂ ಅಲ್ಲಿದೆ. ಗಾಲಿ ಸಿಕ್ಕಿಕೊಂಡ ಹೊತ್ತಿನಲ್ಲಿ ಹೆಗಲು ಕೊಡಲು ಜೊತೆಗಾರರು ಯಾರೂ ಇರಲಿಲ್ಲ.

ಈ ಮಾತನ್ನು ನಮ್ಮ ಹಳ್ಳಿಯ ಹಿರಿಯರು ಕಾವ್ಯದಿಂದಲ್ಲ, ಅನುಭವದಿಂದಲೇ ಅರಿತಿದ್ದರು. ಜಾತ್ರೆಗೆ ಹೊರಟರೆ ಬಂಡಿಗಳು ಸಾಲುಗಟ್ಟಿ ಹೊರಡುತ್ತಿದ್ದವು. ಒಂದರ ಕೀಲು ಕಳಚಿದರೆ ಉಳಿದವು ನಿಲ್ಲುತ್ತಿದ್ದವು. ಕಾರ್ತಿಕ ಮಾಸದ ವನಭೋಜನಕ್ಕೆ ಊರ ಹೊರಗಿನ ತೋಪಿಗೆ ಹೋಗುವಾಗಲೂ ಊಟದಷ್ಟೇ ಮುಖ್ಯವಾಗಿದ್ದದ್ದು ಕೂಡಿ ಹೋಗುವ ಸಂತೋಷ. ಈ ಹಳೆಯ ಪದ್ಧತಿ ನಗರದಲ್ಲಿ ಅಳಿದುಹೋಯಿತೆಂದು ಭಾವಿಸುವುದು ಸರಿಯಲ್ಲ. ಭಾನುವಾರ ಹೊತ್ತು ಮೂಡುವ ಮುನ್ನ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಕಡೆ ತಿರುಗಾಡುವವರು ಆಗೊಮ್ಮೆ ಈಗೊಮ್ಮೆ ಅದರ ಹೊಸ ರೂಪವನ್ನು ಕಂಡಿರಬಹುದು. ಮೊಂಡುಮೂಗಿನ, ದುಂಡುಬೆನ್ನಿನ ನಾಲ್ಕಾರು ಹಳೆಯ ಫಿಯಟ್ ಕಾರುಗಳು ರಸ್ತೆಯ ಬದಿಯಲ್ಲಿ ಒಂದನ್ನೊಂದು ಕಾದು ನಿಂತಿರುತ್ತವೆ. ಒಡೆಯರು ಫ್ಲಾಸ್ಕಿನ ಕಾಫಿಯನ್ನು ಹಂಚಿಕೊಳ್ಳುತ್ತಾರೆ. ಬಳಿಕ ಸಾಲು ಕನಕಪುರದ ಕಡೆಗೋ ನಂದಿಬೆಟ್ಟದ ಕಡೆಗೋ ಹೊರಡುತ್ತದೆ. ಇದು ಉಳ್ಳವರ ವಿನೋದವೆಂದು ತಳ್ಳಿಹಾಕುವುದು ಸುಲಭ. ಇದರ ಹಿಂದೆ ಒಂದು ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ಮೈಸೂರು ಸೀಮೆಯ ಕೈತಪ್ಪಿದ ಕನಸೊಂದೂ ಸೇರಿಕೊಂಡಿದೆ.

ಕಥೆ ಮೊದಲಾಗುವುದು ಇಟಲಿಯ ಟ್ಯೂರಿನ್ ನಗರದಲ್ಲಿ. 1899ರಲ್ಲಿ ಅಲ್ಲಿ ಹುಟ್ಟಿದ ಮೋಟಾರು ಸಂಸ್ಥೆಯ ಹೆಸರಿನ ನಾಲ್ಕು ಮೊದಲಕ್ಷರಗಳು ಸೇರಿ ಫಿಯಟ್ ಎಂಬ ಪದವಾಯಿತು. 1923ರಲ್ಲಿ ಆ ಸಂಸ್ಥೆ ಲಿಂಗೊಟ್ಟೊ ಎಂಬಲ್ಲಿ ಐದು ಅಂತಸ್ತುಗಳ ಕಾರ್ಖಾನೆಯೊಂದನ್ನು ತೆರೆಯಿತು. ಕಚ್ಚಾ ಸಾಮಗ್ರಿ ನೆಲದ ಅಂತಸ್ತನ್ನು ಹೊಕ್ಕು, ಮೇಲೇರುತ್ತ ಏರುತ್ತ ಕಾರಿನ ರೂಪ ತಾಳಿ, ಕೊನೆಗೆ ಮಾಳಿಗೆಯ ಮೇಲಿದ್ದ ಓಟದ ಪಥದಲ್ಲಿ ಪರೀಕ್ಷೆಗೆ ಒಳಗಾಗುತ್ತಿತ್ತು. ಕಾರ್ಖಾನೆಯ ನೆತ್ತಿಯ ಮೇಲೆ ಕಾರು ಓಡಿಸಿದ ಜನಕ್ಕೆ ಯಂತ್ರವೆಂದರೆ ಕೇವಲ ಉಪಯೋಗದ ವಸ್ತುವಾಗಿರಲಿಲ್ಲ ಎನ್ನಬೇಕು.

1936ರಲ್ಲಿ ಅಲ್ಲಿಂದ ಹೊರಬಂದ ಪುಟ್ಟ ಕಾರಿನ ಹೆಸರು ಫಿಯಟ್ 500. ಜನ ಅದನ್ನು ಕರೆದದ್ದು ಟೊಪೊಲಿನೊ ಎಂದು. ಇಟಲಿಯ ಭಾಷೆಯಲ್ಲಿ ಹಾಗೆಂದರೆ ಚಿಟ್ಟಿಲಿ. ಮಿಕಿ ಮೌಸ್‌ನನ್ನು ಅಲ್ಲಿಯವರು ಕರೆಯುವುದೂ ಇದೇ ಹೆಸರಿನಿಂದ. ಡಾಂಟೆ ಜಿಯಕೋಸಾ ಎಂಬ ತರುಣ ಇಂಜಿನಿಯರನ ಕೃತಿ ಅದು. ಎಂಜಿನಿನ ಗಾತ್ರ 569 ಸಿ.ಸಿ., ಬಲ ಸುಮಾರು 13 ಅಶ್ವಶಕ್ತಿ. ರೇಡಿಯೇಟರನ್ನು ಎಂಜಿನಿನ ಹಿಂದೆ ಎತ್ತರದಲ್ಲಿಟ್ಟಿದ್ದರಿಂದ ಕಾದ ನೀರು ತಾನಾಗಿ ಮೇಲೇರಿ, ತಣಿದು, ಕೆಳಗಿಳಿಯುತ್ತಿತ್ತು. ನೀರಿನ ಪಂಪೇ ಬೇಡವಾಯಿತು, ಮೂಗೂ ಇಳಿಜಾರಾಗಿ ಅಂದವಾಯಿತು. ಎಲ್ಲಕ್ಕಿಂತ ಮನಸ್ಸಿಗೆ ಹಿಡಿಸಿದ್ದು ಅದರ ಬಟ್ಟೆಯ ಮಾಡು. ಸುರುಳಿ ಸುತ್ತಿ ಹಿಂದಕ್ಕೆ ಸರಿಸಿದರೆ ತಲೆಯ ಮೇಲೆ ಆಕಾಶ. ಅಗ್ಗದ ಕಾರಿಗೂ ಆಕಾಶವನ್ನು ಜೋಡಿಸಿದ ಈ ಜಾಣ್ಮೆ ಇಟಲಿಗೆ ಸಹಜವಾದದ್ದು. ಅಲ್ಲಿ ತೆರೆದ ಎರಡು ಸೀಟಿನ ಕಾರಿಗೆ ಸ್ಪೈಡರ್, ಅಂದರೆ ಜೇಡ, ಎಂಬ ಹೆಸರು ರೂಢಿಯಾಯಿತು. ಕುದುರೆಗಾಡಿಗಳ ಕಾಲದಲ್ಲಿ ಸಪೂರ ಗಾಲಿಗಳ ಹಗುರ ಬಂಡಿಗೆ ಇದ್ದ ಹೆಸರು ಅದು. 1966ರಲ್ಲಿ ಕಾಣಿಸಿಕೊಂಡ ಆಲ್ಫಾ ರೋಮಿಯೋ ಸ್ಪೈಡರ್, ಫಿಯಟ್ 124 ಸ್ಪೈಡರ್ ಎರಡಕ್ಕೂ ರೂಪು ಕೊಟ್ಟದ್ದು ಪಿನಿನ್‌ಫಾರಿನಾ ಶಿಲ್ಪಶಾಲೆ. ಇಂದಿಗೂ ಲೋಕದ ನಾನಾ ಕಡೆ ಅವುಗಳ ಒಡೆಯರು ಕೂಡಿಕೊಂಡು ಕಡಲತೀರಗಳಲ್ಲಿ, ಮಲೆಯ ತಿರುವುಗಳಲ್ಲಿ ಸಂಚರಿಸುತ್ತಾರೆ.

ಟ್ಯೂರಿನ್ನಿನ ಈ ಬಂಡಿ ನಮ್ಮಲ್ಲಿಗೆ ಬಂದ ಬಗೆಯನ್ನು ತಿಳಿಯಲು ವಿಶ್ವೇಶ್ವರಯ್ಯನವರ ಕಡೆಗೆ ತಿರುಗಬೇಕು. ದಿವಾನಗಿರಿಯಿಂದ ನಿವೃತ್ತರಾಗಿ ಬಹುಕಾಲವಾಗಿದ್ದ, ಎಪ್ಪತ್ತನ್ನು ದಾಟಿದ್ದ ಆ ಹಿರಿಯರು 1935ರಲ್ಲಿ ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಕಂಡು ಬಂದರು. 1936ರಲ್ಲಿ ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಮೈಸೂರು ಸರ್ಕಾರದ ನೆರವಿನೊಡನೆ ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯುವ ಮಾತುಕತೆ ಮುಂದುವರಿಯಿತು. ಆದರೆ ಅದು ಮಹಾಯುದ್ಧದ ಕಾಲ. ಬ್ರಿಟಿಷ್ ಆಡಳಿತಕ್ಕೆ ಈ ಯೋಜನೆ ರುಚಿಸಲಿಲ್ಲ. ಅದರ ಒತ್ತಡಕ್ಕೆ ಸಿಕ್ಕಿದ ಸಂಸ್ಥಾನ ಹಿಂದೆ ಸರಿಯಬೇಕಾಯಿತು. ಈ ನಿರಾಶೆಯ ವೃತ್ತಾಂತವನ್ನು ವಿಶ್ವೇಶ್ವರಯ್ಯನವರು 1951ರಲ್ಲಿ ಪ್ರಕಟವಾದ ತಮ್ಮ ಸ್ಮೃತಿಗ್ರಂಥದಲ್ಲಿ ಬರೆದಿದ್ದಾರೆ. ವಿಚಿತ್ರವೆಂದರೆ, ಅದೇ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಅದೇ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ಯುದ್ಧಕ್ಕೆ ವಿಮಾನ ಬೇಕಾಗಿದ್ದಿತು. ನೆಲದ ಬಂಡಿ ತಪ್ಪಿದ ಊರಿಗೆ ಆಕಾಶದ ಬಂಡಿ ದಕ್ಕಿತು.

ಕಾರಿನ ಕಾರ್ಖಾನೆ ಮುಂಬಯಿಯ ಕುರ್ಲಾಕ್ಕೆ ಹೋಯಿತು. 1944ರಲ್ಲಿ ಸ್ಥಾಪಿತವಾದ ಪ್ರೀಮಿಯರ್ ಆಟೊಮೊಬೈಲ್ಸ್ 1947ರಲ್ಲಿ ಅಮೆರಿಕದ ಕಾರುಗಳನ್ನು ಜೋಡಿಸತೊಡಗಿತು. 1950ರ ದಶಕದ ಮೊದಲಲ್ಲಿ ಫಿಯಟ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಮೊದಲು ಟೊಪೊಲಿನೊ, 1954ರಿಂದ ಫಿಯಟ್ 1100. ಈ ಎರಡನೆಯ ಕಾರಿಗೆ ಇಟಲಿಯಲ್ಲಿ ಮಿಲ್ಲೆಚೆಂಟೊ ಎಂಬ ಸಂಗೀತದಂತಹ ಹೆಸರಿದ್ದರೆ, ಮುಂಬಯಿಯ ಮರಾಠಿ ಜನ ಅದರ ಗುಂಡು ಮೈಯನ್ನು ನೋಡಿ ಡುಕ್ಕರ್ ಎಂದರು, ಎಂದರೆ ಹಂದಿ. ಮುಂಬಾಗಿಲುಗಳು ಹಿಂಬದಿಗೆ ಕೀಲುಗೊಂಡು ಬೀರುವಿನ ಕದದಂತೆ ತೆರೆದುಕೊಳ್ಳುತ್ತಿದ್ದ ಆ ಕಾರನ್ನು ಈಗಲೂ ಕೆಲವೆಡೆ ಕಾಣಬಹುದು.

ಇಟಲಿಯ ತೆರೆದ ಸ್ಪೈಡರುಗಳು ಮಾತ್ರ ನಮ್ಮ ಪೇಟೆಗೆ ಬರಲಿಲ್ಲ. ಸ್ವಾತಂತ್ರ್ಯಾನಂತರ ವಿದೇಶೀ ಕಾರಿನ ಆಮದು ಬಿಗಿಯಾಯಿತು. 1953ರ ಸುಂಕ ಆಯೋಗದ ವರದಿಯ ಬಳಿಕ, ಇಲ್ಲಿಯೇ ಬಿಡಿಭಾಗಗಳನ್ನು ತಯಾರಿಸುವ ಸಂಸ್ಥೆಗಳಿಗಷ್ಟೇ ಅವಕಾಶವೆಂದಾಯಿತು. ಇದ್ದ ಕೆಲವೇ ಕಾರುಗಳಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಒಂದು. ಅದು ಇಂಗ್ಲೆಂಡಿನ ಕಾರಾದರೂ ರೇಖೆ ಎಳೆದವನು ಟ್ಯೂರಿನ್ನಿನ ಶಿಲ್ಪಿ ಜಿಯೊವಾನ್ನಿ ಮಿಕೆಲೊಟ್ಟಿ. ಉಳಿದಂತೆ ನಮ್ಮ ಜನಕ್ಕೆ ತೆರೆದ ಬಂಡಿಯ ಸುಖವನ್ನು ಕೊಟ್ಟದ್ದು ಫಿಯಟ್ಟಿನ ಬಾಗಿಲಿನಲ್ಲಿದ್ದ ತ್ರಿಕೋನದ ಕಿರುಗಾಜು. ಅದನ್ನು ತಿರುಗಿಸಿಟ್ಟರೆ ಗಾಳಿ ನೇರವಾಗಿ ಮುಖಕ್ಕೆ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳು ಅದರ ಪಾಲಿಗಾಗಿ ಜಗಳವಾಡುತ್ತಿದ್ದರು.

1948ರಲ್ಲಿ ರಾಜಾಜಿಯವರು ಅಡಿಗಲ್ಲಿಟ್ಟ ಜಯನಗರ ಬೆಳೆದದ್ದೂ ಈ ಕಾರಿನ ಕಾಲದಲ್ಲಿಯೇ. ಅದೇ 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬೆಂಗಳೂರಿನಲ್ಲಿ ತಲೆಯೆತ್ತಿದವು. ಹೊಸ ಬಡಾವಣೆಯ ವೈದ್ಯರು, ವಕೀಲರು, ಕಾರ್ಖಾನೆಯ ಅಧಿಕಾರಿಗಳು ಹಣ ಕಟ್ಟಿ, ವರ್ಷಗಟ್ಟಲೆ ಕಾದು ಫಿಯಟ್ ಪಡೆಯುತ್ತಿದ್ದರು. ಬಂದ ದಿನ ಆರತಿ, ಗಾಲಿಗೆ ನಿಂಬೆಹಣ್ಣು, ಬಳಿಕ ಬನಶಂಕರಿ ಅಮ್ಮನ ಗುಡಿಗೆ ಮೊದಲ ಸವಾರಿ. 1089 ಸಿ.ಸಿ.ಯ ಎಂಜಿನು, ಸ್ಟಿಯರಿಂಗಿನ ಬದಿಯಲ್ಲೇ ಗೇರು, ಮುಂದೆಯೂ ಮೂವರು ಕೂರಬಹುದಾದ ಉದ್ದನೆಯ ಸೀಟು. ಅದು ಒಬ್ಬರ ಕಾರಾಗಿರುತ್ತಿರಲಿಲ್ಲ. ಇಡೀ ಬೀದಿಯ ಹೆರಿಗೆ, ಮದುವೆ, ರೈಲ್ವೆ ನಿಲ್ದಾಣಗಳ ಕಾರಾಗಿರುತ್ತಿತ್ತು.

1970ರ ದಶಕದ ಮೊದಲ ಭಾಗದಲ್ಲಿ ಇಟಲಿಯ ಹೆಸರು ಕಳಚಿ ಆ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು. ಅನಂತರ ಚಿತ್ತೋರಿನ ರಾಣಿಯ ಹೆಸರು ಹೊತ್ತು ಪ್ರೀಮಿಯರ್ ಪದ್ಮಿನಿಯಾಯಿತು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲೆ ಪದ್ಮಿನಿಯ ದಿನಗಳು ಇಳಿಮುಖವಾದವು. 2000ದ ಸುಮಾರಿಗೆ ತಯಾರಿಕೆ ನಿಂತಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೂ ಬೀದಿಯನ್ನು ಬಿಟ್ಟವು.

ತಯಾರಿಕೆ ನಿಂತ ಕಾರು ಒಂಟಿಯಾಗಿ ಬದುಕಲಾರದು ಎಂಬುದನ್ನು ಇಲ್ಲಿ ಗಮನಿಸಬೇಕು. ಹೊಸ ಕಾರಿಗೆ ಕಂಪನಿ ಇರುತ್ತದೆ, ಅಂಗಡಿಯಲ್ಲಿ ಬಿಡಿಭಾಗ ಇರುತ್ತದೆ. ಹಳೆಯ ಕಾರಿಗೆ ಇರುವುದು ಇನ್ನೊಂದು ಹಳೆಯ ಕಾರಿನ ಒಡೆಯ ಮಾತ್ರ. ಯಾವ ಗುಜರಿಯಲ್ಲಿ ಬಾಗಿಲಿನ ಹಿಡಿ ಸಿಕ್ಕೀತು, ಜೆ.ಸಿ. ರಸ್ತೆಯ ಯಾವ ಅಂಗಡಿಯ ಅಟ್ಟದಲ್ಲಿ ಗ್ಯಾಸ್ಕೆಟ್ ಉಳಿದಿದೆ, ಯಾವ ಲೇತಿನವರು ಸವೆದ ಭಾಗವನ್ನು ನೋಡಿ ಹೊಸದನ್ನು ಕಡೆದುಕೊಟ್ಟಾರು ಎಂಬ ತಿಳಿವಳಿಕೆ ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಇಂಥವರ ಕೂಟದಲ್ಲಿದೆ. ಲೋಕದಲ್ಲಿ ಹಳೆಯ ಕಾರಿನ ಸಂಘಗಳು ಹುಟ್ಟಿದ್ದಕ್ಕೆ ಇದೂ ಒಂದು ಕಾರಣ. ಇಂಗ್ಲೆಂಡಿನ ವೆಟರನ್ ಕಾರ್ ಕ್ಲಬ್ 1930ರದು. ಇಟಲಿಯಲ್ಲಿ 1927ರಿಂದ 1957ರವರೆಗೆ ನಡೆದ ಸಾವಿರ ಮೈಲಿಯ ಓಟ, ಮಿಲ್ಲೆ ಮಿಲ್ಯ, ಭೀಕರ ಅಪಘಾತದಿಂದ ನಿಂತುಹೋಗಿ, 1977ರಲ್ಲಿ ಹಳೆಯ ಕಾರುಗಳ ಯಾತ್ರೆಯಾಗಿ ಮರುಹುಟ್ಟು ಪಡೆಯಿತು. ನಮ್ಮ ದೇಶದಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕೆ 1964ರಲ್ಲಿ ದೆಹಲಿಯಲ್ಲಿ ಹಳೆಯ ಕಾರುಗಳ ರ್‍ಯಾಲಿಯನ್ನು ಆರಂಭಿಸಿತು. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಉಂಟು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಕಾರುಗಳ ಸಂಗ್ರಹ ನಾಡಿಗೇ ಪರಿಚಿತ. ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯ ಅದರ ಹೊಸ ಶಾಖೆ.

ಸಂಗ್ರಹಾಲಯ ಬೇಕು. ಆದರೆ ಅದೊಂದೇ ಸಾಲದು. ಓಡದ ಕಾರಿನಲ್ಲಿ ರಬ್ಬರು ಒಣಗಿ ಬಿರುಕು ಬಿಡುತ್ತದೆ, ಬ್ರೇಕಿನ ಸಿಲಿಂಡರು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಟ್ಯಾಂಕಿನ ಪೆಟ್ರೋಲು ಕೆಟ್ಟು ಅಂಟಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ, ಅದನ್ನು ಓಡಿಸಬಲ್ಲ, ರಿಪೇರಿ ಮಾಡಬಲ್ಲ ಕೈಗಳು ಮರೆಯುತ್ತವೆ. ವೀಣೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಂಗೀತವನ್ನು ಉಳಿಸಿದೆವೆಂದು ಹೇಳಲಾದೀತೆ?

ನಾನು ಕಾರಿನ ಒಡೆಯನಲ್ಲ. ನೆರೆಯ ಮಿತ್ರರೊಬ್ಬರ ಕೃಪೆಯಿಂದ ಅವರ ಫಿಯಟ್ಟಿನ ಹಿಂಬದಿಯ ಸೀಟಿನಲ್ಲಿ ಕುಳಿತು ಇಂತಹ ಸಂಚಾರಗಳನ್ನು ಕಂಡಿದ್ದೇನೆ. ಬನಶಂಕರಿಯನ್ನು ಬಿಟ್ಟರೆ ರಸ್ತೆಯ ನಡುವೆ ಮೆಟ್ರೊ ಕಂಬಗಳ ಸಾಲು. 2021ರ ಜನವರಿಯಲ್ಲಿ ಈ ಮಾರ್ಗ ರೇಷ್ಮೆ ಸಂಸ್ಥೆಯವರೆಗೆ ಮುಂದುವರಿದ ಮೇಲೆ ಕನಕಪುರ ರಸ್ತೆಯ ಚಹರೆಯೇ ಬದಲಾಗಿದೆ. ಕಗ್ಗಲೀಪುರ, ಹಾರೋಹಳ್ಳಿ ದಾಟಿ ಮುಂದಕ್ಕೆ ಹೋದಂತೆ ನಗರದ ಹಿಡಿತ ಸಡಿಲವಾಗುತ್ತದೆ. ಬಂಡೆಯ ಗುಡ್ಡಗಳು, ಹಿಪ್ಪುನೇರಳೆಯ ತೋಟಗಳು, ರಾಗಿಯ ಹೊಲಗಳು ಕಾಣಿಸುತ್ತವೆ. ವೇಗ ಗಂಟೆಗೆ ಐವತ್ತು ಅರವತ್ತು ಕಿಲೊಮೀಟರು. ಸಾಲಿನ ನಿಯಮ ಒಂದೇ: ಎಲ್ಲಕ್ಕಿಂತ ನಿಧಾನದ ಕಾರನ್ನು ಮುಂದೆ ಬಿಡುವುದು. ಏರಿನಲ್ಲಿ ಒಂದು ಕಾರಿನ ನೀರು ಕುದಿಯಿತೆನ್ನಿ. ಎಲ್ಲವೂ ಮರದ ನೆರಳಿನಲ್ಲಿ ನಿಲ್ಲುತ್ತವೆ. ಒಬ್ಬರು ಫ್ಯಾನಿನ ಬೆಲ್ಟನ್ನು ಒತ್ತಿ ನೋಡುತ್ತಾರೆ, ಇನ್ನೊಬ್ಬರು ಡಿಕ್ಕಿಯಿಂದ ನೀರಿನ ಕ್ಯಾನು ತರುತ್ತಾರೆ, ಮೂರನೆಯವರು ಬರಿಯ ಸದ್ದನ್ನು ಕೇಳಿಯೇ ಪಾಯಿಂಟಿನ ಅಂತರ ತಪ್ಪಿದೆ ಎನ್ನುತ್ತಾರೆ. ಸುತ್ತ ನಿಂತ ಹುಡುಗರು ನೋಡಿ ಕಲಿಯುತ್ತಾರೆ. ಈ ಅರ್ಧ ಗಂಟೆಯ ಪಾಠ ಯಾವ ಕಾಲೇಜಿನಲ್ಲಿಯೂ ಸಿಗುವುದಿಲ್ಲ.

ಭಾಷೆಯ ವಿದ್ಯಾರ್ಥಿಯಾದ ನನಗೆ ಅಲ್ಲಿ ಇನ್ನೊಂದು ಲಾಭವೂ ಉಂಟು. ಹೆಚ್ಚಿನ ಗಾಲಿಗೆ ನಮ್ಮ ಮೆಕ್ಯಾನಿಕ್ಕುಗಳು ಹೇಳುವ ಸ್ಟೆಪ್ನಿ ಎಂಬ ಮಾತು ವೇಲ್ಸ್ ನಾಡಿನ ಲನೆತ್ಲಿ ಊರಿನ ಒಂದು ಬೀದಿಯ ಹೆಸರು. ಅಲ್ಲಿ ಇಂಥ ಗಾಲಿಯನ್ನು ಮೊದಲು ತಯಾರಿಸಿದವರು ಬೀದಿಯ ಹೆಸರನ್ನೇ ಗಾಲಿಗಿಟ್ಟರು. ಡಿಕ್ಕಿ ಎಂಬುದು ಹಳೆಯ ಸಾರೋಟು, ಕಾರುಗಳ ಹಿಂಬದಿಯ ಸೀಟಿನ ಹೆಸರಿನಿಂದ ಬಂದದ್ದು. ಅವು ಕನ್ನಡದ ವಿಭಕ್ತಿಗಳನ್ನು ಹಚ್ಚಿಕೊಂಡು ನಮ್ಮವೇ ಆಗಿವೆ. ಕಾರು ಹೋದರೆ ಈ ಪದಗಳಲ್ಲಿ ಕೆಲವಾದರೂ ಅದರ ಹಿಂದೆಯೇ ಹೋಗುತ್ತವೆ.

ಹಳೆಯ ಕಾರಿನ ದುರಸ್ತಿಯಲ್ಲಿ ಒಂದು ತಾತ್ತ್ವಿಕ ತೊಡಕೂ ಇದೆ. ಎಂಜಿನು ಸವೆದು ಬೇರೆ ಜಾತಿಯ ಎಂಜಿನು ಕೂಡಿಸಿದರೆ ಅದು ಅದೇ ಕಾರೇ? 1971ರ 'ಹಯವದನ' ನಾಟಕದಲ್ಲಿ ಗಿರೀಶ ಕಾರ್ನಾಡರು ರುಂಡಮುಂಡಗಳನ್ನು ಅದಲುಬದಲು ಮಾಡಿ ಕೇಳಿದ ಪ್ರಶ್ನೆ ಇದೇ ಅಲ್ಲವೆ? ಆ ನಾಯಿಕೆಯ ಹೆಸರೂ ಪದ್ಮಿನಿ ಎಂಬುದು ಸೊಗಸಾದ ಕಾಕತಾಳೀಯ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಈ ಪ್ರಶ್ನೆಯನ್ನು ಎತ್ತಿಕೊಂಡಿದೆ. ಹಳೆಯ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ಜಾಡಿನಲ್ಲಿ ಬರೆದದ್ದು ಅದು. ಬದಲಾಯಿಸಿದ್ದನ್ನು ಮುಚ್ಚಿಡಬಾರದು, ಕಾಲ ಬಿಟ್ಟ ಗುರುತುಗಳನ್ನು ಸುಮ್ಮನೆ ಅಳಿಸಬಾರದು, ವಾಹನವನ್ನು ರಸ್ತೆಯ ಮೇಲೆ ಬಳಸುವುದೂ ಅದರ ಸಂರಕ್ಷಣೆಯ ಅಂಗವೇ ಎಂಬುದು ಅದರ ಸಾರ. ಫಿಯಟ್ಟಿನ ತವರೂರಿನ ಹೆಸರಿನಲ್ಲಿಯೇ ಈ ಮಾತು ಹೊರಟಿತು.

ನಮ್ಮ ಕಾನೂನೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯ ಪ್ರಕಾರ, 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅದಕ್ಕೆ ಪ್ರತ್ಯೇಕ ಅಂಕಿತದ ಫಲಕ, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಅದನ್ನು ಬಳಸುವಂತಿಲ್ಲ; ಪ್ರದರ್ಶನ, ಸಂಶೋಧನೆ, ದುರಸ್ತಿ, ರ್‍ಯಾಲಿಗಳಿಗೆ ಅಡ್ಡಿಯಿಲ್ಲ. ಅರವತ್ತರ ದಶಕದ ಫಿಯಟ್ಟಿಗೆ ಇದು ಆಸರೆಯೇ ಸರಿ. ಆದರೆ 1985ರ ಪದ್ಮಿನಿಯ ಗತಿಯೇನು? ಅದಕ್ಕೆ ಐವತ್ತು ತುಂಬುವುದು 2035ರಲ್ಲಿ. ಅಲ್ಲಿಯವರೆಗೆ ಅದು ಕಾನೂನಿನ ಕಣ್ಣಿಗೆ ಪರಂಪರೆಯಲ್ಲ, ಬರಿಯ ಹಳೆಯ ಗಾಡಿ. ಹದಿನೈದು ವರ್ಷದ ಬಳಿಕ ಐದೈದು ವರ್ಷಕ್ಕೊಮ್ಮೆ ಅದರ ನೋಂದಣಿಯನ್ನು ನವೀಕರಿಸಬೇಕು. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲಿನಲ್ಲಿ 5,000 ರೂಪಾಯಿಗೆ ಏರಿತು. ಅಪ್ಪನ ಕಾರನ್ನು ಉಳಿಸಿಕೊಂಡ ಸಾಧಾರಣ ಗೃಹಸ್ಥ ಈ ನಡುವಿನ ವರ್ಷಗಳಲ್ಲಿ ಬೇಸತ್ತು ಅದನ್ನು ಗುಜರಿಗೆ ಕೊಟ್ಟರೆ, ಮುಂದೆ ಪರಂಪರೆ ಎಂದು ಕರೆಯಲು ಉಳಿಯುವುದು ಅರಸರ, ಧನಿಕರ ಕಾರುಗಳಷ್ಟೇ. ಮಧ್ಯಮ ವರ್ಗದ ಚರಿತ್ರೆ ತೂಕದ ಲೆಕ್ಕದಲ್ಲಿ ಮಾರಾಟವಾಗಿರುತ್ತದೆ.

ಹಳೆಯ ಕಾರು ಹೊಗೆ ಉಗುಳುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಉಸಿರು ಕಟ್ಟಿಸುವ ನಗರದಲ್ಲಿ ಅದನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಆದರೆ ತಿಂಗಳಿಗೊಮ್ಮೆ ಹೊರಬರುವ ಬೆರಳೆಣಿಕೆಯ ಕಾರುಗಳಿಗೂ ನಿತ್ಯ ದುಡಿಯುವ ಲಕ್ಷಾಂತರ ಗಾಡಿಗಳಿಗೂ ಒಂದೇ ತಕ್ಕಡಿ ನ್ಯಾಯವಲ್ಲ. ಎಂಜಿನನ್ನು ಒಪ್ಪವಾಗಿಟ್ಟು, ಹೊಗೆಯ ತಪಾಸಣೆ ಮಾಡಿಸಿ, ಜನಸಂದಣಿಯ ಹೊತ್ತನ್ನು ಬಿಟ್ಟು ಹೊರಡುವ ಶಿಸ್ತನ್ನು ಒಡೆಯರೂ ಪಾಲಿಸಬೇಕು. ಇಂತಹ ಕಾರುಗಳಿಗೆ ಮಧ್ಯಂತರದ ಒಂದು ವರ್ಗವನ್ನು ಕಲ್ಪಿಸಿ, ವರ್ಷಕ್ಕೆ ಇಷ್ಟೇ ದೂರವೆಂದು ಮಿತಿ ಹಾಕಿ, ಸುಲಭ ಶುಲ್ಕದಲ್ಲಿ ಉಳಿಯಗೊಡುವುದು ಸರ್ಕಾರಕ್ಕೆ ದೊಡ್ಡ ಕೆಲಸವೇನಲ್ಲ.

ಭಾನುವಾರದ ಸಾಲು ಆಯ್ದುಕೊಳ್ಳುವ ಎರಡು ದಾರಿಗಳನ್ನು ಒಂದೇ ನದಿ ಬೆಸೆದಿದೆ. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಅದೇ ಸೀಮೆಯಲ್ಲಿದೆ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ. ಕನಕಪುರದಾಚೆ ಸಂಗಮದಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ಈ ನದಿಯ ನಾಡಿಗೆ ಬರಬೇಕಾಗಿದ್ದ ಕಾರಿನ ಕಾರ್ಖಾನೆ ಬರಲಿಲ್ಲ. ಬೇರೆಡೆ ತಯಾರಾಗಿ, ಅಲ್ಲಿಯೂ ತಯಾರಿಕೆ ನಿಂತ ಕಾರನ್ನು ಮಾತ್ರ ಇಲ್ಲಿಯ ಕೆಲವು ಮನೆಗಳು, ಕೆಲವು ಗ್ಯಾರೇಜುಗಳು ಇನ್ನೂ ಓಡಿಸುತ್ತಿವೆ. ಮುಪ್ಪಾಗುತ್ತಿರುವ ಆ ಗ್ಯಾರೇಜಿನ ಮೇಸ್ತ್ರಿಗಳ ಬಳಿ ಒಬ್ಬಿಬ್ಬರು ತರುಣರು ಕುಳಿತು, ಅವರು ಬಲ್ಲದ್ದನ್ನು ಅವರದೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳಲಿ. ಅದಕ್ಕೆ ಯಾವ ಸನ್ನದೂ ಬೇಕಿಲ್ಲ, ಯಾವ ತಿದ್ದುಪಡಿಯೂ ಬೇಕಿಲ್ಲ. ಒಂದು ನೋಟುಪುಸ್ತಕ, ಕೆಲವು ಭಾನುವಾರಗಳು ಸಾಕು.